ಗಂಟು ತೆಗೆದಾಯ್ತು, ರಿಪೋರ್ಟ್ ಎಲ್ಲಿ ಅದ?

ಅಕ್ಕಲಕೋಟ ತಾಲ್ಲೂಕಿನ ಒಂದು ಮನೆ ಎಂದು ಇಟ್ಟುಕೊಳ್ಳಿ. ಮನೆಯೊಡತಿಗೆ ನಲವತ್ತರ ಮೇಲೆ ಎರಡು ವರ್ಷ. ಒಂದೂವರೆ ವರ್ಷದಿಂದ ಕೆಮ್ಮು, ನಡುನಡುವೆ ಜ್ವರ, ಒಮ್ಮೊಮ್ಮೆ ಕಫದಲ್ಲಿ ರಕ್ತದ ಎಳೆ. ಊರ ಡಾಕ್ಟರು ಮೊದಲು ದಮ್ಮು ಅಂದರು, ಆಮೇಲೆ ನ್ಯುಮೋನಿಯಾ ಅಂದರು. ಆರು ತಿಂಗಳು ಟಿಬಿ ಗುಳಿಗೆಯೂ ಆಯಿತು. ಕೊನೆಗೆ ಸೊಲ್ಲಾಪುರದಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿ, ದುರ್ಬೀನು ಹಾಕಿ ನೋಡಿದಾಗ ಶ್ವಾಸನಾಳದೊಳಗೆ ಗೋಲಿಯಷ್ಟು ಗಂಟು ಸಿಕ್ಕಿತು. ತುಕಡಿ ತೆಗೆದು ತಪಾಸಣೆ ಮಾಡಿದರೆ ‘ಕಾರ್ಸಿನಾಯ್ಡ್’ ಎಂದು ಬಂತು. ದೊಡ್ಡ ಊರಿಗೆ ಹೋಗಿ ಆಪರೇಷನ್ನೂ ಆಯಿತು. ಎಂಟನೇ ದಿನ ಡಿಸ್ಚಾರ್ಜ್. ಡಾಕ್ಟರು ಮರಾಠಿಯಲ್ಲಿ, ‘ಗಾಠ ಕಾಢಲೀ ಆಹೆ, ಕಾಳಜೀ ಕರೂ ನಕಾ’ ಅಂದರು. ಗಂಟು ತೆಗೆದಿದ್ದೇವೆ, ಕಾಳಜಿ ಮಾಡಬೇಡಿ ಎಂದು.

ಮನೆಯವರು ದೇವರಿಗೆ ಕೈಮುಗಿದು ಊರಿಗೆ ಬಂದರು. ಆದರೆ ತೆಗೆದ ಗಂಟಿನ ಪೂರ್ತಿ ತಪಾಸಣೆಯ ರಿಪೋರ್ಟ್ ಆ ಹೊತ್ತಿಗೆ ಬಂದಿರಲಿಲ್ಲ. ಅದು ಬರಲು ಇನ್ನೂ ವಾರ, ಹತ್ತು ದಿನ ಬೇಕಿತ್ತು. ಹೊಲಿಗೆ ಬಿಚ್ಚಿಸಲು ಊರ ದವಾಖಾನಿಯೇ ಸಾಕಾಯಿತು. ಆ ಕಾಗದ ತರಲು ಮತ್ತೆ ಯಾರೂ ಹೋಗಲಿಲ್ಲ.

ಇದು ಊಹೆಯ ಮನೆ. ಆದರೆ ಗಡಿಯ ಈಚೆ ಬದುಕುವ ಕನ್ನಡ ಮನೆಗಳಿಗೆ ಈ ಕಥೆಯ ಒಂದೊಂದು ತುಂಡಾದರೂ ಗುರುತು ಹತ್ತದೆ ಇರದು. ಕಾಯಿಲೆ ಬೇರೆ ಇರಬಹುದು. ಕಾಗದ ಬಿಟ್ಟು ಬರುವ ರೂಢಿ ಮಾತ್ರ ಒಂದೇ. ಉಳಿದ ಕಾಯಿಲೆಗಳಲ್ಲಿ ಇದರಿಂದ ಆಗುವ ನಷ್ಟ ಸಣ್ಣದಿರಬಹುದು. ಶ್ವಾಸನಾಳದ ಕಾರ್ಸಿನಾಯ್ಡ್ ವಿಷಯದಲ್ಲಿ ಮಾತ್ರ ರೋಗಿಯ ಮುಂದಿನ ಹತ್ತು-ಹದಿನೈದು ವರ್ಷದ ಭವಿಷ್ಯ ಇರುವುದೇ ಆ ಕಾಗದದಲ್ಲಿ.

ಹೆಸರೇ ದಾರಿ ತಪ್ಪಿಸಿತು

ಈ ಗಂಟಿನ ಹೆಸರಿಗೆ ಒಂದು ಇತಿಹಾಸವಿದೆ. ಜರ್ಮನಿಯ ಮ್ಯೂನಿಕ್‌ನ ಪೆಥಾಲಜಿಸ್ಟ್ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್ 1907ರಲ್ಲಿ ಸಣ್ಣ ಕರುಳಿನ ಕೆಲವು ಗಂಟುಗಳಿಗೆ ‘ಕಾರ್ಸಿನಾಯ್ಡ್’ ಎಂದು ಕರೆದರು. ಕ್ಯಾನ್ಸರಿನ ಹಾಗೆ ಕಾಣುತ್ತದೆ, ಆದರೆ ಅಷ್ಟು ಕೆಟ್ಟದ್ದಲ್ಲ ಎಂಬುದು ಅದರ ಭಾವ. 1929ರಲ್ಲಿ ಅವರೇ ತಮ್ಮ ಮಾತನ್ನು ತಿದ್ದಿಕೊಂಡು, ಇವು ಹರಡಲೂಬಹುದು ಎಂದು ಬರೆದರು. ಶ್ವಾಸನಾಳದ ಗಂಟುಗಳದ್ದೂ ಇದೇ ಹಾಡು. ಬಹಳ ವರ್ಷ ಇವನ್ನು ‘ಬ್ರಾಂಕಿಯಲ್ ಅಡಿನೋಮಾ’ ಎಂಬ ನಿರುಪದ್ರವಿ ಹೆಸರಿನಲ್ಲಿ ಕರೆಯಲಾಗುತ್ತಿತ್ತು. ಅವುಗಳೊಳಗೆ ಕಾರ್ಸಿನಾಯ್ಡ್ ಒಂದು ಬೇರೆಯೇ ಜಾತಿ ಎಂದು 1937ರಲ್ಲಿ ಹಾಂಪರ್ಲ್ ಎಂಬ ಪೆಥಾಲಜಿಸ್ಟ್ ತೋರಿಸಿದರು.

ಈಗ ವೈದ್ಯಶಾಸ್ತ್ರ ಇದನ್ನು ಕ್ಯಾನ್ಸರಿನ ಕುಟುಂಬಕ್ಕೇ ಸೇರಿಸಿದೆ. ಪುಪ್ಪುಸದ ಗಂಟುಗಳಲ್ಲಿ ಇದರ ಪಾಲು ನೂರಕ್ಕೆ ಒಂದೋ ಎರಡೋ. ಬೀಡಿ-ಸಿಗರೇಟಿನಿಂದ ಬರುವ ಮಾಮೂಲಿ ಪುಪ್ಪುಸದ ಕ್ಯಾನ್ಸರಿಗೂ ಇದಕ್ಕೂ ಅಜಗಜಾಂತರ. ಇದರ ಸೌಮ್ಯ ಜಾತಿಗೂ ಧೂಮಪಾನಕ್ಕೂ ಗಟ್ಟಿ ನಂಟು ಕಂಡುಬಂದಿಲ್ಲ. ಬೀಡಿ ಸುತ್ತುವ ಹೆಣ್ಣುಮಗಳಿಗೆ ಇದು ಬಂದರೆ ‘ಬೀಡಿ ಸುತ್ತಿ ಸುತ್ತಿ ತಂದ್ಕೊಂಡ್ಲು’ ಎಂದು ಓಣಿಯವರು ತೀರ್ಪು ಕೊಡುವ ಹಾಗಿಲ್ಲ. ಮೂವತ್ತು-ನಲವತ್ತರ ವಯಸ್ಸಿನವರಿಗೆ, ಕೆಲವೊಮ್ಮೆ ಹದಿಹರೆಯದವರಿಗೂ ಇದು ಬರುವುದುಂಟು.

ಅದಕ್ಕಾಗಿಯೇ ಭವಿಷ್ಯ ಕೇಳುವುದು ಇಲ್ಲಿ ಹೆಚ್ಚು ಮುಖ್ಯ. ಎಪ್ಪತ್ತರ ಅಜ್ಜನಿಗೆ ‘ಐದು ವರ್ಷ ಚಲೋ ಇರ್ತಾರ’ ಎಂದರೆ ಮನೆಯವರಿಗೆ ಸಮಾಧಾನ. ಇಪ್ಪತ್ತೈದರ ಮಗಳಿಗೆ ಅದೇ ಮಾತು ಹೇಳಿದರೆ ಮನೆ ಕುಸಿದು ಬೀಳುತ್ತದೆ. ಮದುವೆ, ಮಕ್ಕಳು, ನೌಕರಿ ಎಲ್ಲವೂ ಆ ಒಂದು ಅಂಕಿಗೆ ತೂಗಿಬೀಳುತ್ತವೆ.

ಭವಿಷ್ಯ ಎಲ್ಲಿ ಬರೆದಿರುತ್ತದೆ?

ಆಪರೇಷನ್ ನಂತರ ಏನಾಗಬಹುದು ಎಂಬುದನ್ನು ಡಾಕ್ಟರು ಅಂದಾಜು ಮಾಡುವುದು ನಾಲ್ಕೈದು ವಿಷಯಗಳ ಮೇಲೆ. ಹೆಚ್ಚಿನವು ಆ ರಿಪೋರ್ಟಿನಲ್ಲೇ ಇರುತ್ತವೆ.

ಮೊದಲನೆಯದು ಗಂಟಿನ ಜಾತಿ. ಸೌಮ್ಯವಾದದ್ದು ‘ಟಿಪಿಕಲ್’, ಚುರುಕಾದದ್ದು ‘ಅಟಿಪಿಕಲ್’. ಅಟಿಪಿಕಲ್ ಎಂಬುದನ್ನು ಬೇರೆ ಮಾಡಿ ತೋರಿಸಿದ್ದು 1972ರಲ್ಲಿ, ಅಮೆರಿಕದ ಮೇಯೋ ಕ್ಲಿನಿಕ್ ವೈದ್ಯರು. ಈಗ ಬಳಕೆಯಲ್ಲಿರುವ ಗೆರೆ 1998ರಲ್ಲಿ ಪ್ರಕಟವಾಗಿ, ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣಕ್ಕೆ ಸೇರಿತು. ಲೆಕ್ಕ ಸರಳ. ಮೈಕ್ರೋಸ್ಕೋಪಿನಡಿ 2 ಚದರ ಮಿಲಿಮೀಟರ್ ಜಾಗದಲ್ಲಿ ಎಷ್ಟು ಜೀವಕೋಶಗಳು ಒಡೆದು ಎರಡಾಗುತ್ತಿವೆ ಎಂದು ಎಣಿಸುತ್ತಾರೆ. ಇದಕ್ಕೆ ‘ಮೈಟೋಸಿಸ್’ ಎನ್ನುತ್ತಾರೆ. ಎಣಿಕೆ ಎರಡಕ್ಕಿಂತ ಕಡಿಮೆ ಇದ್ದು, ಸತ್ತ ಕೋಶಗಳ ಚುಕ್ಕೆ, ಅಂದರೆ ‘ನೆಕ್ರೋಸಿಸ್’ ಇಲ್ಲದಿದ್ದರೆ ಟಿಪಿಕಲ್. ಎಣಿಕೆ ಎರಡರಿಂದ ಹತ್ತರ ಒಳಗಿದ್ದರೆ, ಇಲ್ಲವೇ ಚುಕ್ಕೆ ಕಂಡರೆ ಅಟಿಪಿಕಲ್.

ಜೀರಿಗೆ ಕಾಳಿನ ಸುತ್ತಳತೆಗೂ ಸಾಲದ ಜಾಗದಲ್ಲಿ ಒಂದೋ ಎರಡೋ ಎಂಬ ಎಣಿಕೆ ಅದು. ಆದರೆ ಪರಿಣಾಮ ದೊಡ್ಡದು. ಟಿಪಿಕಲ್ ಗಂಟು ಪೂರ್ತಿ ತೆಗೆದವರಲ್ಲಿ ಐದು ವರ್ಷದ ನಂತರವೂ ನೂರಕ್ಕೆ ತೊಂಬತ್ತರ ಆಸುಪಾಸು ಜನ ಬದುಕಿರುತ್ತಾರೆ ಎಂದು ಬಹುತೇಕ ಅಧ್ಯಯನಗಳು ಹೇಳುತ್ತವೆ. ಅಟಿಪಿಕಲ್‌ನಲ್ಲಿ ಈ ಅಂಕಿ ಕೆಳಗಿಳಿಯುತ್ತದೆ. ಐವತ್ತರಿಂದ ಎಪ್ಪತ್ತರ ನಡುವೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಗಂಟು ಮರಳಿ ಬರುವುದರಲ್ಲೂ ಅಷ್ಟೇ ಅಂತರ. ಟಿಪಿಕಲ್‌ನಲ್ಲಿ ನೂರಕ್ಕೆ ಬೆರಳೆಣಿಕೆಯ ಜನರಿಗೆ. ಅಟಿಪಿಕಲ್‌ನಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆಪರೇಷನ್‌ಗೆ ಮೊದಲು ದುರ್ಬೀನಿನಿಂದ ತೆಗೆದ ಸಣ್ಣ ತುಕಡಿ ನೋಡಿ ‘ಕಾರ್ಸಿನಾಯ್ಡ್’ ಎನ್ನಬಹುದೇ ಹೊರತು, ಟಿಪಿಕಲ್ಲೋ ಅಟಿಪಿಕಲ್ಲೋ ಎಂದು ಖಚಿತವಾಗಿ ಹೇಳಲಾಗದು. ಇಡೀ ಗಂಟು ಕೈಗೆ ಬಂದ ಮೇಲೆಯೇ ಆ ಎಣಿಕೆ. ಹಾಗಾಗಿ ಮನೆಯ ಫೈಲಿನಲ್ಲಿರುವ ಮೊದಲ ಬಯಾಪ್ಸಿ ಕಾಗದ ನೋಡಿ ಭವಿಷ್ಯ ಹೇಳುವ ಹಾಗಿಲ್ಲ. ಬಿಟ್ಟು ಬಂದ ಎರಡನೇ ಕಾಗದವೇ ಬೇಕು.

ಎರಡನೆಯದು ಲಿಂಫ್ ಗ್ರಂಥಿಗಳು. ಗಂಟಿನ ಜೊತೆ ಸುತ್ತಲಿನ ಗ್ರಂಥಿಗಳನ್ನೂ ತೆಗೆದು ನೋಡಬೇಕು. ಟಿಪಿಕಲ್‌ನಲ್ಲೂ ಹತ್ತರಲ್ಲಿ ಒಬ್ಬರಿಗೆ ಗ್ರಂಥಿಗೆ ತಗುಲಿರುವುದುಂಟು. ಅಟಿಪಿಕಲ್‌ನಲ್ಲಿ ಇದು ಬಹಳ ಹೆಚ್ಚು. ರಿಪೋರ್ಟಿನಲ್ಲಿ ‘ಇಷ್ಟು ಗ್ರಂಥಿ ನೋಡಿದೆವು, ಇಷ್ಟರಲ್ಲಿ ಇದೆ’ ಎಂದು ಬರೆದಿರಬೇಕು. ಗ್ರಂಥಿಯನ್ನೇ ತೆಗೆದಿರದಿದ್ದರೆ ‘ಗ್ರಂಥಿಯಲ್ಲಿ ಇಲ್ಲ’ ಎಂಬ ಸಮಾಧಾನಕ್ಕೆ ಬುನಾದಿ ಇಲ್ಲ. ನೋಡಿ ಇಲ್ಲ ಎನ್ನುವುದು ಬೇರೆ, ನೋಡದೇ ಇಲ್ಲ ಎನ್ನುವುದು ಬೇರೆ.

ಮೂರನೆಯದು ಕೊಯ್ದ ಅಂಚು. ಅಂಚಿನಲ್ಲಿ ಗಂಟಿನ ಕೋಶ ಉಳಿದಿದೆಯೋ ಇಲ್ಲವೋ. ನಾಲ್ಕನೆಯದು ಗಂಟಿನ ಅಳತೆ, ಅದು ಇದ್ದ ಜಾಗ, ಎಲ್ಲಿಯವರೆಗೆ ಹರಡಿತ್ತು ಎಂಬ ಹಂತ. ಕೆಲವು ಲ್ಯಾಬುಗಳು ‘ಕೆಐ-67’ ಎಂಬ ಅಂಕಿಯನ್ನೂ ಕೊಡುತ್ತವೆ. ಕೋಶಗಳು ಎಷ್ಟು ಚುರುಕಾಗಿ ಬೆಳೆಯುತ್ತಿವೆ ಎಂಬುದಕ್ಕೆ ಅದೊಂದು ಸೂಚನೆ. ಆದರೆ ಜಾತಿ ನಿರ್ಧಾರ ಆಗುವುದು ಎಣಿಕೆಯಿಂದಲೇ.

ಐದನೆಯದು ಸ್ವತಃ ರೋಗಿ. ಯುರೋಪಿನ ಎದೆ ಶಸ್ತ್ರವೈದ್ಯರ ಸಂಘ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಟಿಪಿಕಲ್ ಕಾರ್ಸಿನಾಯ್ಡ್‌ಗೆ ಆಪರೇಷನ್ ಆದ 1109 ಮಂದಿಯ ಲೆಕ್ಕ ಹಾಕಿ ಭವಿಷ್ಯ ಹೇಳುವ ಸೂತ್ರ ರೂಪಿಸಿತು. ಅದರಲ್ಲಿ ತೂಕ ಪಡೆದವು ಇವು: ವಯಸ್ಸು, ಗಂಡಸೋ ಹೆಂಗಸೋ, ಹಿಂದೆ ಬೇರೆ ಕ್ಯಾನ್ಸರ್ ಆಗಿತ್ತೋ, ಗಂಟು ಪುಪ್ಪುಸದ ಅಂಚಿನಲ್ಲಿತ್ತೋ, ರೋಗದ ಹಂತ, ಮತ್ತು ರೋಗಿ ದಿನದ ಕೆಲಸ ತಾನೇ ಮಾಡಿಕೊಳ್ಳುವಷ್ಟು ಗಟ್ಟಿ ಇದ್ದಾನೋ.

ಗಮನಿಸಿ, ಇವುಗಳಲ್ಲಿ ಅರ್ಧಕ್ಕೂ ಹೆಚ್ಚು ಗಂಟಿಗೆ ಸಂಬಂಧಪಟ್ಟವಲ್ಲ, ಮನುಷ್ಯನಿಗೆ ಸಂಬಂಧಪಟ್ಟವು. ಸೌಮ್ಯ ಜಾತಿಯಲ್ಲಿ ಗಂಟು ಪೂರ್ತಿ ಹೋದ ಮೇಲೆ ಆಯುಷ್ಯ ನಿರ್ಧರಿಸುವುದು ಬಹುಮಟ್ಟಿಗೆ ಬಿಪಿ, ಶುಗರ್, ಹೃದಯ, ವಯಸ್ಸು. ‘ಕ್ಯಾನ್ಸರ್ ಆಗ್ಯದ, ಇನ್ನೇನದ’ ಎಂದು ಶುಗರ್ ಗುಳಿಗೆ ಬಿಟ್ಟು ಕೂರುವವರು ಈ ಮಾತು ಕೇಳಬೇಕು. ಮತ್ತೆ, ಆ ಲೆಕ್ಕ ದೊಡ್ಡ ಕೇಂದ್ರಗಳಲ್ಲಿ ಆಪರೇಷನ್ ಆದವರದು. ಹಳೇ ಟಿಬಿ ಕಲೆ, ಒಲೆ ಹೊಗೆ, ಮಗ್ಗದ ಹತ್ತಿ ಧೂಳು ಕಂಡ ಎದೆಗಳಿಗೆ ಅದನ್ನು ಹೊಂದಿಸುವಾಗ ಡಾಕ್ಟರ ವಿವೇಚನೆ ಬೇಕೇ ಬೇಕು.

ಸರಾಸರಿ ಮಳೆ, ಸ್ವಂತ ಹೊಲ

ಅಂಕಿ ಕೇಳಿದ ಕೂಡಲೇ ಮನೆಗಳಲ್ಲಿ ಎರಡು ತಪ್ಪು ನಡೆಯುತ್ತವೆ. ‘ನೂರಕ್ಕೆ ತೊಂಬತ್ತು’ ಎಂದರೆ ‘ಪೂರ್ತಿ ಆರಾಮ, ಇನ್ನ ದವಾಖಾನಿ ಮುಖ ನೋಡೋದು ಬ್ಯಾಡ’ ಎನ್ನುತ್ತಾರೆ. ‘ಐದು ವರ್ಷ’ ಎಂಬ ಶಬ್ದ ಕಿವಿಗೆ ಬಿದ್ದರೆ ‘ಐದೇ ವರ್ಷ ಅಂತ’ ಎಂದು ಹಣೆ ಬಡಿದುಕೊಳ್ಳುತ್ತಾರೆ.

ಸೊಲ್ಲಾಪುರ, ಜತ್ತ ಕಡೆಯ ಬರಗಾಲದ ರೈತನಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟವಲ್ಲ. ಜಿಲ್ಲೆಯ ಸರಾಸರಿ ಮಳೆ ಇಷ್ಟು ಎಂದು ಸರ್ಕಾರ ಹೇಳಿದ ಮಾತ್ರಕ್ಕೆ ಅವನ ಹೊಲದಲ್ಲಿ ಅಷ್ಟೇ ಬೀಳುತ್ತದೆಯೇ? ಇಲ್ಲ. ಆದರೆ ಆ ಅಂಕಿ ಸುಳ್ಳೂ ಅಲ್ಲ. ಜೋಳ ಹಾಕಬೇಕೋ ಕಬ್ಬು ಹಾಕಬೇಕೋ ಎಂದು ಅದನ್ನು ನೋಡಿಯೇ ತೀರ್ಮಾನಿಸುತ್ತಾನೆ. ರೋಗದ ಅಂಕಿಯೂ ಹಾಗೇ. ಅದು ನೂರಾರು ಜನರ ಲೆಕ್ಕ. ಒಬ್ಬರ ಹಣೆಬರಹ ಅಲ್ಲ. ಐದು ವರ್ಷ ಎಂಬುದು ವೈದ್ಯರು ಎಣಿಸಲು ಹಾಕಿಕೊಂಡ ಮೈಲಿಗಲ್ಲು. ದಾರಿ ಅಲ್ಲಿಗೆ ಮುಗಿಯುತ್ತದೆ ಎಂದಲ್ಲ.

ಹಾಗಾದರೆ ಅಂಕಿಯಿಂದ ಏನು ಉಪಯೋಗ? ಎಷ್ಟು ಸಲ, ಎಷ್ಟು ವರ್ಷ ತಪಾಸಣೆಗೆ ಹೋಗಬೇಕು ಎಂಬುದು ಅದರಿಂದ ತಿಳಿಯುತ್ತದೆ. ಅಟಿಪಿಕಲ್ ಇದ್ದವರು ಮೊದಲ ಕೆಲವು ವರ್ಷ ಪದೇಪದೇ ಹೋಗಬೇಕು. ಟಿಪಿಕಲ್ ಇದ್ದವರಿಗೆ ಅಷ್ಟು ಅವಸರವಿಲ್ಲ, ಆದರೆ ಬಿಡುವ ಹಾಗಿಲ್ಲ. ಈ ಗಂಟು ನಿಧಾನದ್ದು. ಹತ್ತು ವರ್ಷ ಸುಮ್ಮನಿದ್ದು ಯಕೃತ್ತಿನಲ್ಲೋ ಎಲುಬಿನಲ್ಲೋ ಮತ್ತೆ ತಲೆಯೆತ್ತಿದ ಉದಾಹರಣೆಗಳು ವೈದ್ಯ ಸಾಹಿತ್ಯದಲ್ಲಿವೆ. ಬೇಗ ಗೊತ್ತಾದರೆ ಮತ್ತೆ ಆಪರೇಷನ್, ಸೂಜಿಮದ್ದು, ಗುಳಿಗೆ ಹೀಗೆ ದಾರಿಗಳಿವೆ. ‘ಎವೆರೊಲಿಮಸ್’ ಗುಳಿಗೆಗೆ ಪುಪ್ಪುಸದ ಇಂಥ ಮುಂದುವರಿದ ಗಂಟುಗಳಿಗಾಗಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿದ್ದು 2016ರಲ್ಲಿ. ಆಪರೇಷನ್ ಆದ ಕೂಡಲೇ ‘ಎಲ್ಲಾರಿಗೂ ಕಿಮೋ ಕೊಡ್ತಾರ, ನಮಗ್ಯಾಕ ಕೊಡಲಿಲ್ಲ?’ ಎಂದು ಮನೆಯವರು ಗಾಬರಿಯಾಗುವುದುಂಟು. ಪೂರ್ತಿ ತೆಗೆದ ಟಿಪಿಕಲ್ ಗಂಟಿಗೆ ಕಿಮೋ ಕೊಡುವ ಪದ್ಧತಿಯೇ ಇಲ್ಲ. ಕೊಡದಿರುವುದು ಕೈಬಿಟ್ಟದ್ದಲ್ಲ, ಅದು ಒಳ್ಳೇ ಸುದ್ದಿ. ಇದನ್ನು ಡಾಕ್ಟರು ಎರಡು ಮಾತಿನಲ್ಲಿ ಹೇಳಿದ್ದರೆ ಒಂದು ಮನೆಯ ನಿದ್ದೆ ಉಳಿಯುತ್ತಿತ್ತು.

ಮೂರು ವರ್ಷದ ಕಪಾಟು

ಈಗ ಅಸಲು ಪ್ರಶ್ನೆ. ಹತ್ತು-ಹದಿನೈದು ವರ್ಷ ಕಾಯುವ ಗಂಟಿನ ಲೆಕ್ಕ ಯಾರ ಹತ್ತಿರ ಇರಬೇಕು?

ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಿಯಮಾವಳಿಯ ಪ್ರಕಾರ, ದಾಖಲಾದ ರೋಗಿಯ ಕಾಗದಪತ್ರವನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಟ್ಟುಕೊಳ್ಳುವುದು ವೈದ್ಯರ ಹೊಣೆ. ರೋಗಿ ಇಲ್ಲವೇ ಅವನ ಪರವಾಗಿ ಅಧಿಕಾರ ಪಡೆದವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಈ ಎರಡನೇ ಮಾತು ರೋಗಿಯ ಹಕ್ಕು; ಇದು ಬಹಳ ಮಂದಿಗೆ ಗೊತ್ತೇ ಇಲ್ಲ. ಮೊದಲನೇ ಮಾತಿನಲ್ಲಿ ವಿಪರ್ಯಾಸವಿದೆ. ಗಂಟು ಹತ್ತು ವರ್ಷದ ಮೇಲೆ ಮರಳಬಹುದು; ಕಾಗದ ಇಡುವ ಕಡ್ಡಾಯ ಮೂರೇ ವರ್ಷ. ದೊಡ್ಡ ಸಂಸ್ಥೆಗಳು ಹೆಚ್ಚು ಕಾಲ ಇಡಬಹುದು. ಆದರೆ ಅದನ್ನೇ ನೆಚ್ಚಿಕೊಂಡರೆ, ಎಂಟನೇ ವರ್ಷ ಯಕೃತ್ತಿನಲ್ಲಿ ಚುಕ್ಕೆ ಕಂಡಾಗ ಹೊಸ ಡಾಕ್ಟರು ಕೇಳುವ ‘ಹಿಂದಿನ ಗಂಟು ಯಾವ ಜಾತಿ?’ ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಗಡಿಭಾಗದಲ್ಲಿ ಈ ತೊಡಕು ದುಪ್ಪಟ್ಟು. ಬೆಂಗಳೂರಿನವರಿಗೆ ಒಂದೇ ಊರು, ಒಂದೇ ದವಾಖಾನಿ. ಇಲ್ಲಿಯವರ ಕಾಯಿಲೆ ಊರೂರು ತಿರುಗುತ್ತದೆ. ಎಕ್ಸ್‌ರೇ ಅಕ್ಕಲಕೋಟದಲ್ಲಿ, ಸ್ಕ್ಯಾನ್ ಸೊಲ್ಲಾಪುರದಲ್ಲಿ, ಆಪರೇಷನ್ ಪುಣೆಯಲ್ಲೋ ಮುಂಬೈಯಲ್ಲೋ, ಆಮೇಲಿನ ತೋರಿಸಿಕೊಳ್ಳುವುದು ತವರಿನವರು ಇದ್ದಾರೆಂದು ವಿಜಯಪುರದಲ್ಲೋ ಕಲಬುರಗಿಯಲ್ಲೋ. ಜತ್ತದವರು ಮಿರಜ-ಸಾಂಗಲಿಗೆ ಹೋಗುತ್ತಾರೆ. ಕಾಗದ ಇಂಗ್ಲಿಷಿನಲ್ಲಿ, ಡಾಕ್ಟರ ಮಾತು ಮರಾಠಿಯಲ್ಲಿ, ಮನೆಯಲ್ಲಿ ಅವ್ವನಿಗೆ ತಿಳಿಯುವುದು ಕನ್ನಡದಲ್ಲಿ. ಹತ್ತನೇ ಇಯತ್ತೆ ಓದುವ ಮೊಮ್ಮಗ ಮನೆಯ ದುಭಾಷಿ. ಅವನು ‘ಅಟಿಪಿಕಲ್’ ಎಂಬುದನ್ನು ಓದಿ ‘ಏನೋ ಬ್ಯಾರೆ ಅಂತ’ ಎಂದು ಹೇಳಿದರೆ ಅವನ ತಪ್ಪೇನು?

ಇನ್ನೂ ಒಂದು ತಡೆ ಮನೆಯೊಳಗೇ ಇದೆ. ‘ಅವ್ವಗ ಏನೂ ಹೇಳಬ್ಯಾಡ್ರಿ ಸಾಹೇಬ್ರ, ತಡಕೊಳ್ಳೂದಿಲ್ಲ’ ಎಂದು ಮಗ ಡಾಕ್ಟರಿಗೆ ಕೈಮುಗಿಯುತ್ತಾನೆ. ಪ್ರೀತಿಯಿಂದಲೇ. ಆದರೆ ಹೇಳದೆ ಇದ್ದರೆ ಅವ್ವ ವರ್ಷಕ್ಕೊಮ್ಮೆ ಸ್ಕ್ಯಾನಿಗೆ ಯಾಕೆ ಹೋಗುತ್ತಾಳೆ? ‘ನನಗೇನಾಗ್ಯದ? ಆರಾಮ ಇದ್ದೀನಿ. ಸುಮ್ನ ರೊಕ್ಕ ಹಾಳು’ ಎನ್ನುತ್ತಾಳೆ. ಮಗನ ಬಾಯಿ ಕಟ್ಟಿಹೋಗಿರುತ್ತದೆ. ಬಹುಪಾಲು ಒಳ್ಳೇದಾಗುವ ಕಾಯಿಲೆಯನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮುಚ್ಚಿಟ್ಟಷ್ಟೂ ಓಣಿಯಲ್ಲಿ ‘ಕ್ಯಾನ್ಸರ್ ಮನಿ’ ಎಂಬ ಪಿಸುಮಾತು ಬೆಳೆಯುತ್ತದೆ. ಸಂಬಂಧ ಕುದುರಿಸುವಾಗ ಅದೇ ಅಡ್ಡ ಬರುತ್ತದೆ. ‘ಟಿಪಿಕಲ್ ಅದ, ಗ್ರಂಥಿಗೆ ಹತ್ತಿಲ್ಲ, ಅಂಚು ಸ್ವಚ್ಛ ಅದ’ ಎಂಬ ಮೂರು ಮಾತು ಬರೆದ ಕಾಗದ ಕೈಯಲ್ಲಿದ್ದರೆ ಬೀಗರ ಮುಂದೆ ತಲೆಯೆತ್ತಿ ಹೇಳಬಹುದು.

ಡಾಕ್ಟರ ಕಡೆಯ ಮಾತೂ ಇದೆ. ಒಪಿಡಿಯಲ್ಲಿ ಹೊರಗೆ ನೂರು ಜನ ಕೂತಿರುವಾಗ ಮೈಟೋಸಿಸ್ ಪಾಠ ಹೇಳಲು ಅವರಿಗೆ ಪುರಸೊತ್ತಿಲ್ಲ. ಅಂಕಿ ಹೇಳಿದರೆ ಜನ ಹೆದರುತ್ತಾರೆ, ಇಲ್ಲವೇ ಅದನ್ನೇ ಗ್ಯಾರಂಟಿ ಎಂದು ಹಿಡಿದುಕೊಂಡು ಜಗಳಕ್ಕೆ ಬರುತ್ತಾರೆ ಎಂಬ ಅವರ ಅಳುಕು ಸುಳ್ಳಲ್ಲ. ಆದರೆ ಪಾಠ ಯಾರೂ ಕೇಳುತ್ತಿಲ್ಲ. ಡಿಸ್ಚಾರ್ಜ್ ಕಾರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ಗಂಟಿನ ರಿಪೋರ್ಟ್ ಬರುವುದು ಬಾಕಿ, ಇಂಥ ತಾರೀಖಿಗೆ ಬಂದು ಒಯ್ಯಿರಿ’ ಎಂಬ ಒಂದು ಸಾಲು, ಮರಾಠಿಯಲ್ಲಿ ಬರೆದರೂ ಸರಿ, ಸಾಕು. ಸೊಲ್ಲಾಪುರ ಸೀಮೆಯ ದವಾಖಾನಿಗಳಲ್ಲಿ ಕನ್ನಡ ಬಲ್ಲ ಸಿಸ್ಟರ್, ವಾರ್ಡ್‌ಬಾಯ್‌ಗಳಿಗೆ ಬರವಿಲ್ಲ. ಡಿಸ್ಚಾರ್ಜ್ ದಿನ ಅವರಲ್ಲೊಬ್ಬರು ಐದು ನಿಮಿಷ ಕೂತು ಹೇಳಿದರೆ ಆಗುವ ಕೆಲಸ ಇದು. ಇದಕ್ಕೆ ಹೊಸ ಯೋಜನೆ ಬೇಕಿಲ್ಲ, ಅನುದಾನ ಬೇಕಿಲ್ಲ.

ಮನೆಯವರ ಪಾಲಿನ ಕೆಲಸವೂ ಅಷ್ಟೇ ಸಣ್ಣದು. ರಿಪೋರ್ಟ್ ಬಂತೋ ಎಂದು ಕೇಳಬೇಕು, ತಂದು ಇಡಬೇಕು. ಟಿಪಿಕಲ್ಲೋ ಅಟಿಪಿಕಲ್ಲೋ, ಎಣಿಕೆ ಎಷ್ಟು, ಗ್ರಂಥಿ ಎಷ್ಟು ನೋಡಿದರು, ಅಂಚು ಸ್ವಚ್ಛವೋ, ಮುಂದಿನ ತಪಾಸಣೆ ಯಾವಾಗ ಎಂಬ ಐದು ಪ್ರಶ್ನೆ ಕೇಳಿ, ಉತ್ತರವನ್ನು ಕನ್ನಡದಲ್ಲೇ ಬರೆದುಕೊಳ್ಳಬೇಕು. ಮೊಬೈಲಿನಲ್ಲಿ ಫೋಟೋ ಹೊಡೆದು ಇಬ್ಬರು-ಮೂವರ ಬಳಿ ಇಡಬೇಕು. 2021ರಲ್ಲಿ ದೇಶಾದ್ಯಂತ ಶುರುವಾದ ಡಿಜಿಟಲ್ ಆರೋಗ್ಯ ಖಾತೆಯಲ್ಲಿ ಹಾಕಿಸಿದರೆ ಗಡಿ ದಾಟಿದರೂ ಕಾಗದ ಜೊತೆಗೇ ಬರುತ್ತದೆ. ಸಂಶಯವಿದ್ದರೆ ಲ್ಯಾಬಿನಿಂದ ಮೇಣದ ಬ್ಲಾಕು, ಸ್ಲೈಡು ಕೇಳಿ ಪಡೆದು ದೊಡ್ಡ ಕ್ಯಾನ್ಸರ್ ದವಾಖಾನಿಯ ಪೆಥಾಲಜಿಸ್ಟ್‌ರಿಂದ ಮತ್ತೊಮ್ಮೆ ಓದಿಸಬಹುದು. ಒಂದು-ಎರಡರ ಎಣಿಕೆಯ ಮೇಲೆ ಜಾತಿ ಬದಲಾಗುವ ಕಾಯಿಲೆಯಲ್ಲಿ ಎರಡನೇ ಕಣ್ಣು ಅವಮಾನವಲ್ಲ, ವಾಡಿಕೆ.

ಹೊಲದ ಉತಾರೆ, ರೇಷನ್ ಕಾರ್ಡು, ಮಕ್ಕಳ ಶಾಲೆ ದಾಖಲೆಯನ್ನು ಗಡಿಭಾಗದ ಮನೆಗಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಟ್ರಂಕಿನ ತಳದಲ್ಲಿ ಜೋಪಾನ ಮಾಡುತ್ತವೆ. ಎರಡು ರಾಜ್ಯದ ಕಚೇರಿಗಳ ನಡುವೆ ಬದುಕುವವರಿಗೆ ಕಾಗದದ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ಟ್ರಂಕಿನಲ್ಲಿ ಈ ಒಂದು ಹಾಳೆಗೂ ಜಾಗ ಇರಲಿ.

‘ಕಾಳಜಿ ಮಾಡಬೇಡಿ’ ಎಂದು ಡಾಕ್ಟರು ಹೇಳಿದ್ದು ನಿಜ. ಚಿಂತೆ ಮಾಡಬೇಡಿ ಎಂಬುದು ಅದರ ಅರ್ಥ. ಕಾಳಜಿ ತೆಗೆದುಕೊಳ್ಳುವುದನ್ನೇ ಬಿಡಿ ಎಂದು ಅವರು ಹೇಳಿಲ್ಲ. ಅಕ್ಕಲಕೋಟದ ಆ ಮನೆಯವರು ಇನ್ನೂ ತಡಮಾಡಿಲ್ಲ. ಮೂರು ವರ್ಷ ತುಂಬುವುದರೊಳಗೆ ಯಾರಾದರೂ ಒಬ್ಬರು ರಾತ್ರಿ ಗಾಡಿ ಹತ್ತಿ ಹೋಗಿ ಆ ರಿಪೋರ್ಟ್ ತಂದರೆ ಸಾಕು.